ಹೂಂಗುಟ್ಟದ ಪುಟಗಳು

ಒಂದೂರಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ಆ ಅಜ್ಜಿಗೆ ಹತ್ತಿಯಂಥ ಬಿಳಿ ತುರುಬು, ಚಿನ್ನದ ಕಟ್ಟಿನ ಕನ್ನಡಕ, ಮಡಿಲ ತುಂಬ ಪುಸ್ತಕ. ಸಂಜೆಯಾದರೆ ಊರಿನ ಮಕ್ಕಳೆಲ್ಲ ಅವಳ ಜಗುಲಿಗೆ ಓಡಿ ಬರುತ್ತಿದ್ದರು. ಅಜ್ಜಿ ಪುಸ್ತಕ ತೆರೆದರೆ ಒಳಗಿನಿಂದ ಕಾಡು ಹೊರಗೆ ಬರುತ್ತಿತ್ತು, ಕಡಲು ಹೊರಗೆ ಬರುತ್ತಿತ್ತು, ಆನೆ ಅಂಬಾರಿ ಹೊರಗೆ ಬರುತ್ತಿತ್ತು.

ಇಷ್ಟು ಓದಿ ಕವನಾ ಸುಮ್ಮನಾದಳು. ಬೇಕೆಂದು ಮಾಡಿದ್ದಲ್ಲ. ಮಾತಿನ ಒಂದು ತುಂಡು ಮುಗಿದ ಮೇಲೆ ಎದುರಿನಿಂದ ಒಂದು ಹೂಂ ಬರಬೇಕು, ಬಂದ ಮೇಲೆ ಮುಂದಿನ ತುಂಡು ಎತ್ತಿಕೊಳ್ಳಬೇಕು ಎಂಬುದು ಅವಳ ಉಸಿರಿನಲ್ಲೇ ಸೇರಿಹೋದ ಅಭ್ಯಾಸ. ಎದುರಿಗೆ ಹೊಳೆನರಸೀಪುರದ ಆ ಖಾಸಗಿ ಶಾಲೆಯ ನೂರಿಪ್ಪತ್ತು ಮಕ್ಕಳು ಜಮಖಾನದ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ತುಟಿಯ ಮೇಲೂ ಒಂದೊಂದು ಬೆರಳು. ಕಾರ್ಯಕ್ರಮ ಶುರುವಾಗುವ ಮುಂಚೆ ಮಿಸ್ಸೊಬ್ಬರು ಬಂದು, ಕಥೆ ಮುಗಿಯುವವರೆಗೂ ಬೆರಳು ತೆಗೆದವರನ್ನು ಆಚೆ ನಿಲ್ಲಿಸುತ್ತೇನೆ ಎಂದು ಹೇಳಿ ಹೋಗಿದ್ದರು. ಆ ನೂರಿಪ್ಪತ್ತು ಬೆರಳುಗಳು ತನ್ನನ್ನೇ ತೋರಿಸುತ್ತಿರುವಂತೆ ಕವನಾಳಿಗೆ ಕಂಡಿತು. ಪಕ್ಕದಲ್ಲಿದ್ದ ಸಂಪತ್ಕುಮಾರರು, ಅವಳಿಗೆ ಸಾಲು ತಪ್ಪಿತೆಂದುಕೊಂಡು, ಮೈಕಿಗೆ ಕೇಳದ ಹಾಗೆ ಬಾಗಿ, “ಮುಂದಕ್ಕೆ ಓದಮ್ಮಾ, ಭಯ ಪಡಬೇಡ” ಎಂದರು. ಅವರು ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರು. ಪಿಂಚಣಿಯ ದುಡ್ಡಿನಲ್ಲಿ ವರ್ಷಕ್ಕೆರಡು ಮಕ್ಕಳ ಪುಸ್ತಕ ಅಚ್ಚು ಹಾಕಿಸುವವರು. ಹಾಸನದ ಜೆರಾಕ್ಸ್ ಅಂಗಡಿಯಲ್ಲಿ ಡಿಟಿಪಿ ಮಾಡುವ ಕವನಾ, ತಮ್ಮ ಹಸ್ತಪ್ರತಿಯ ಜೊತೆಗೆ ತಾನು ಬರೆದ ನಾಲ್ಕು ಹಾಳೆಯನ್ನೂ ಸೇರಿಸಿ ಕೊಟ್ಟಾಗ ಬೈಯದೆ ಓದಿ, ಈ ಪುಸ್ತಕ ಮಾಡಿದವರು. ಅವರ ಮೇಲೆ ಅವಳಿಗೆ ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲು ಯಾರಾದರೂ ಒಬ್ಬರು ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಪುಸ್ತಕ ಅಚ್ಚಾಗಿ ಬಂದ ಮೂರು ವಾರದಿಂದ ಅನ್ನಿಸುತ್ತಲೇ ಇದೆ.

ಅವಳು ಮುಂದಕ್ಕೆ ಓದಿದಳು. ಹೂಂ ಇಲ್ಲದೆ ಓದುವುದು ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲು ಹೋದಹಾಗೆ ಹೋಗುತ್ತಿತ್ತು. ಅವಳ ಅಜ್ಜಿ ಪುಟ್ಟತಾಯಮ್ಮನ ಹತ್ತಿರ ಇದು ನಡೆಯುತ್ತಿರಲಿಲ್ಲ. ಕಳೆ ಕೀಳುತ್ತಲೋ ಅವರೆಕಾಳು ಹಿದುಕುತ್ತಲೋ ಅಜ್ಜಿ ಕಥೆ ಎತ್ತಿದಳೆಂದರೆ ಮೊದಲು ಕರಾರು: “ಊಂಗುಟ್ಟಬೇಕು. ಊಂ ಅನ್ನದಿದ್ರೆ ಕತೆ ಅಲ್ಲೇ ಕಾಲು ಮುರ್ಕಂಡು ಕುಂತ್ಕತದೆ, ನಾ ಎಬ್ಬುಸಾಕಿಲ್ಲ.” ಹುಡುಗಿ ಒಮ್ಮೊಮ್ಮೆ ಬೇಕೆಂದೇ ಸುಮ್ಮನಿರುತ್ತಿದ್ದಳು. ಅಜ್ಜಿಯೂ ಸುಮ್ಮನಾಗುತ್ತಿದ್ದಳು. ರಾಜಕುಮಾರ ಕುದುರೆಯ ಮೇಲೆ ಕಾಲೆತ್ತಿದವನು ಎತ್ತಿದಂತೆಯೇ ನಿಲ್ಲಬೇಕಾಗುತ್ತಿತ್ತು. ಅವನ ಮೇಲೆ ಮರುಕ ಬಂದು ಹೂಂ ಎಂದರೆ ಸರಿ, ಅವನು ಕೂರುತ್ತಿದ್ದ, ಕುದುರೆ ಹೊರಡುತ್ತಿತ್ತು. ಕಥೆಯನ್ನು ಅಜ್ಜಿ ಹೇಳುತ್ತಿದ್ದಾಳೋ ತಾನು ನಡೆಸುತ್ತಿದ್ದೇನೋ ಎಂಬುದು ಆ ವಯಸ್ಸಿನಲ್ಲಿ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಈಗ ಪುಸ್ತಕದ ಕೊನೆಯ ಪುಟ ಬಂತು. ‘ಅಂದಿನಿಂದ ಆ ಊರಿನ ಮಕ್ಕಳಿಗೆ ಓದುವುದೆಂದರೆ ಹಬ್ಬ.’ ಮಿಸ್ಸು ಕೈಯೆತ್ತಿದರು. ಬೆರಳುಗಳು ಒಟ್ಟಿಗೆ ಕೆಳಗಿಳಿದು ಚಪ್ಪಾಳೆಯಾದವು.

ಆಮೇಲೆ ಚಿತ್ರ ಬರೆದ ಶ್ರೀಗೌರಿ ಮಾತಾಡಿದರು. ಅರಕಲಗೂಡಿನವರು, ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ನಕ್ಕರೆ ಕಣ್ಣು ಮುಚ್ಚಿಹೋಗುತ್ತದೆ. “ನಾನು ಕವನಾ ಅವರನ್ನ ಕೇಳಿದೆ, ನಿಮ್ಮ ಅಜ್ಜಿ ಫೋಟೋ ಕಳಿಸಿ ಅಂತ. ಅವರು ಏನಂದ್ರು ಗೊತ್ತಾ? ನಿಮಗೆ ತೋಚಿದ ಹಾಗೆ ಬರೀರಿ ಮೇಡಂ ಅಂದ್ರು. ಎಷ್ಟು ದೊಡ್ಡ ಮನಸ್ಸು! ನಾನು ಕಣ್ಣು ಮುಚ್ಚಿಕೊಂಡೆ, ನಮ್ಮಜ್ಜೀನೇ ಬಂದು ಕೂತುಬಿಟ್ಟರು. ಅದೇ ಕನ್ನಡಕ, ಅದೇ ತೂಗುಮಣೆ. ಬೆಳಗ್ಗೆ ಸ್ನಾನ ಮಾಡಿ ಪುಸ್ತಕ ಹಿಡಿದರೆ ಊಟಕ್ಕೆ ಕರೆಯೋವರೆಗೂ ಏಳ್ತಿರಲಿಲ್ಲ ಅವರು.” ಎಲ್ಲರೂ ಮತ್ತೆ ಚಪ್ಪಾಳೆ ತಟ್ಟಿದರು. ಕವನಾಳೂ ತಟ್ಟಿದಳು. ಅವಳ ಫೋನಿನಲ್ಲಿ ಅಜ್ಜಿಯ ಫೋಟೋ ಇತ್ತು. ಹಿತ್ತಿಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತ ಅಜ್ಜಿ. ತಲೆಯ ಮೇಲೆ ಬಿಸಿಲಿಗೆಂದು ಹೊದ್ದ ಸೆರಗು, ಎಲೆಯಡಿಕೆಗೆ ಕಪ್ಪಾದ ಹಲ್ಲು, ಮೊಣಕೈವರೆಗೂ ಹಚ್ಚೆ, ಪಕ್ಕದಲ್ಲಿ ಕುಡುಗೋಲು, ಹಿಂದೆ ತೆರೆದ ಬಾಗಿಲೊಳಗೆ ಬುದ್ಧನ ಕ್ಯಾಲೆಂಡರು. ಆ ದಿನ ಅದನ್ನು ಕಳಿಸಲೆಂದು ಆರಿಸಿದ್ದೂ ನಿಜ. ಹೆಬ್ಬೆರಳು ಒತ್ತುವ ಮುಂಚೆ ಒಂದು ಕ್ಷಣ ಆ ಫೋಟೋವನ್ನು ಶ್ರೀಗೌರಿಯ ಕಣ್ಣಿನಿಂದ ನೋಡಿದಳು. ಅಷ್ಟೇ. ಒಂದೇ ಕ್ಷಣ. ಹೆಬ್ಬೆರಳು ಜರುಗಿ, ‘ನಿಮಗೆ ತೋಚಿದ ಹಾಗೆ ಬರೀರಿ ಮೇಡಂ’ ಎಂದು ಟೈಪು ಮಾಡಿತು.

ಪ್ರಶ್ನೆ ಕೇಳಲು ಮಕ್ಕಳಿಗೆ ಅವಕಾಶ ಕೊಟ್ಟರು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, “ಮಿಸ್, ನಿಮ್ಮಜ್ಜಿ ನಿಮಗೆ ಯಾವ ಯಾವ ಬುಕ್ ಓದ್ತಿದ್ರು?” ಎಂದಳು. ಕವನಾಳ ಬಾಯಿಗೆ “ಅಂಗೇನಿಲ್ಲ” ಎಂದು ಬಂತು. ಕೂಡಲೇ “ಹಾಗೇನಿಲ್ಲ” ಎಂದು ತಿದ್ದಿಕೊಂಡಳು. “ಎಲ್ಲಾ ಥರದ್ದೂ ಓದ್ತಿದ್ರು ಪುಟ್ಟಾ. ರಾಜರದ್ದು, ಪ್ರಾಣಿಗಳದ್ದು.” “ಈಗಲೂ ಓದ್ತಾರಾ?” “ಈಗ ಕಣ್ಣು ಮಂಜು.” ಅಜ್ಜಿಯ ಕಣ್ಣು ಇನ್ನೂ ರಾಗಿಯೊಳಗಿನ ಕಲ್ಲನ್ನು ದೂರದಿಂದಲೇ ಹಿಡಿಯುತ್ತದೆ. ಒಂದು ಸುಳ್ಳಿಗೆ ಇನ್ನೊಂದನ್ನು ಇಷ್ಟು ಸಲೀಸಾಗಿ ಹೊಂದಿಸಿದ ತನ್ನ ನಾಲಗೆಯನ್ನು ಕವನಾ ಬೇರೆಯವರದ್ದೆಂಬಂತೆ ಕೇಳಿಸಿಕೊಂಡಳು. ಸಂಪತ್ಕುಮಾರರು ಮೈಕು ತೆಗೆದುಕೊಂಡು, “ಅಜ್ಜಿಯವರನ್ನೂ ಕರೆತರಬೇಕು ಅಂತ ನಮಗೆಲ್ಲ ಆಸೆ ಇತ್ತು. ಮಂಡಿನೋವು ಅಂತೆ, ಪಾಪ” ಎಂದರು. ಅದನ್ನೂ ಅವಳೇ ಹೇಳಿದ್ದು.

ಊಟಕ್ಕೆ ಬಿಸಿಬೇಳೆಬಾತು, ಕೇಸರಿಬಾತು. ಮುಖ್ಯೋಪಾಧ್ಯಾಯಿನಿ ಚೂಡಾಮಣಿಯವರು ತಟ್ಟೆ ಹಿಡಿದು ಪಕ್ಕಕ್ಕೇ ಬಂದು ನಿಂತು, “ಕೇಸರಿಬಾತು ಹಾಕಿಸ್ಕೊಳ್ಳಿ, ಇನ್ನೂ ಸಣ್ಣ ಹುಡುಗಿ ನೀವು” ಎಂದು ಉಪಚರಿಸಿದರು. “ಯಾವೂರಾಯ್ತು ನಿಮ್ಮದು?” “ಸಾಲಗಾಮೆ ಹತ್ತಿರ, ಮೇಡಂ.” “ಓಹೋ, ಸಾಲಗಾಮೆ ಗೊತ್ತು ನಂಗೆ. ಅಲ್ಲಿ ಯಾರ ಪೈಕಿ?” ಆ ಮಾತಿನಲ್ಲಿ ವಿಷವೇನೂ ಇರಲಿಲ್ಲ. ಅದು ಬಸ್ಸಿನಲ್ಲಿ, ಬಾಡಿಗೆ ಮನೆ ಕೇಳಿದಾಗ, ಅಂಗಡಿಯ ಕೌಂಟರಿನಲ್ಲಿ ಅವಳು ನೂರು ಸಲ ಕೇಳಿಸಿಕೊಂಡ ಮಾತು. “ಅಲ್ಲೇ ಸರ್ಕಲ್ ಹತ್ತಿರ ಮೇಡಂ, ಒಳಗಡೆಗೆ” ಎಂದಳು. ಚೂಡಾಮಣಿಯವರು ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. “ಹೌದಾ,” ಎಂದರು. ಇನ್ನೇನೂ ಕೇಳಲಿಲ್ಲ. ಕೇಳದೇ ಇದ್ದುದರಿಂದ ಅವರಿಗೆ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು. ಕೇಸರಿಬಾತನ್ನು ಅವರು ಮತ್ತೆ ಬಡಿಸಲಿಲ್ಲವೋ, ಅಥವಾ ಬಡಿಸುವುದಕ್ಕೆ ಸಮಯವಾಗಲಿಲ್ಲವೋ. ಇಂಥದ್ದರಲ್ಲಿ ಯಾವುದು ಯಾವುದೆಂದು ಎಂದೂ ತಿಳಿಯದೆ ಉಳಿಯುವುದೇ ಇದರ ರುಚಿ.

ಆಗಲೇ ಫೋನು ನಡುಗಿದ್ದು. ಅವ್ವ.

“ಎಲ್ಲಿದೀಯವ್ವ?” ಎಂದಳು ಪಾರ್ವತಮ್ಮ.

“ಅಂಗ್ಡೀಲಿ ಕಣವ್ವ. ಕೆಲ್ಸ ಐತೆ.”

“ಅಂಗ್ಡೀಲಿ ಕೆಲ್ಸ ಮಾಡೋರ್ಗೆ ಆರ ಆಕ್ತಾರಾ ಈಗ?”

ಕವನಾ ತಟ್ಟೆ ಕೆಳಗಿಟ್ಟು ಕಾರಿಡಾರಿಗೆ ಬಂದಳು. ಶಾಲೆಯವರು ಅವಳಿಗೆ ಹಾರ ಹಾಕಿದ ಫೋಟೋವನ್ನು ಆಗಲೇ ಸ್ಟೇಟಸ್ಸಿಗೆ ಹಾಕಿದ್ದರು. ಅದನ್ನು ಯಾರೋ ಯಾರಿಗೋ ಕಳಿಸಿ, ಪಕ್ಕದ ಮನೆಯ ಸಣ್ಣಯ್ಯನ ಮಗಳು ಶೋಭಿತಾಳ ಫೋನಿಗೆ ಬಂದು, ಅವಳು ಕುಣಿಯುತ್ತ ಬಂದು ತೋರಿಸಿದ್ದಳಂತೆ.

“ಅಜ್ಜಿ ನೋಡ್ತಾ?”

“ನೋಡ್ದೇ ಏನು. ಮೂರು ವಾರದಿಂದ ಬುಕ್ಕು ಬುಕ್ಕು ಅಂತ ಜೀವ ತಿಂದದೆ ನನ್ನ. ನೀನು ನೋಡುದ್ರೆ ಇನ್ನೂ ಅಚ್ಚಾಗ್ತೈತೆ, ಇನ್ನೂ ಅಚ್ಚಾಗ್ತೈತೆ. ಕಾರ್ಯಕ್ರಮಕ್ಕೆ ಉಟ್ಕಂಡು ಬತ್ತೀನಿ ಅಂತ ನೀಲಿ ಸೀರೆ ಒಗ್ದು ಮಡ್ಚಿ ಇಟ್ಕಂಡೈತೆ ಕಣೇ.”

“ಏನಂತು?”

“ಏನೂ ಅನ್ನಿಲ್ಲ. ಅವರೆಕಾಳು ಮುಂದಾಕ್ಕೊಂಡು ಕುಂತೈತೆ. ಬತ್ತೀಯೋ ಇಲ್ವೋ?”

“ಬತ್ತೀನಿ.”

“ಬುಕ್ಕು ತಗಂಡು ಬತ್ತೀಯೋ, ಬರೀ ಕೈಲಿ ಬತ್ತೀಯೋ?”

ಹಾಸನದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೊಳೆ ದಾಟಿದ್ದು, ತೆಂಗಿನ ಸಾಲುಗಳು ಹಿಂದಕ್ಕೆ ಹೋದದ್ದು ಕಣ್ಣಿಗೆ ಬಿದ್ದರೂ ಅವಳು ನೋಡುತ್ತಿದ್ದದ್ದು ತೊಡೆಯ ಮೇಲಿನ ಪುಸ್ತಕದ ರಟ್ಟನ್ನು. ‘ಅಜ್ಜಿ ಓದಿದ ಕಥೆ’. ಕೆಳಗೆ ಅವಳ ಹೆಸರು. ಹೆಸರು ನೋಡಿದಾಗ ಮೊದಲ ದಿನ ಮೈ ಜುಮ್ಮೆಂದಿದ್ದು ಸುಳ್ಳಲ್ಲ. ಹಾಸನದ ಬಾಡಿಗೆ ರೂಮಿನ ಮಂಚದ ಕೆಳಗೆ ಇಪ್ಪತ್ತೈದು ಪ್ರತಿಗಳ ರಟ್ಟಿನ ಡಬ್ಬಿ ಮೂರು ವಾರದಿಂದ ಇತ್ತು. ಮಲಗಿದರೆ ಬೆನ್ನಿನ ಕೆಳಗೆ ಯಾರೋ ಕೂತು ಉಸಿರಾಡುವಂತೆ. ಮೂರು ಭಾನುವಾರ ಅದರ ಮೇಲೆ ಬೆಡ್‌ಶೀಟು ಇಳಿಬಿಟ್ಟು ಬರಿಗೈಯಲ್ಲಿ ಊರಿಗೆ ಹೋಗಿದ್ದಳು. “ಅಚ್ಚಾಗಕ್ಕೆ ಇಷ್ಟು ದಿನ ಬೇಕೇನವ್ವ? ಸೊಪ್ಪು ಬಿತ್ತಿದ್ರೂ ಇಷ್ಟೊತ್ಗೆ ಕಿತ್ಕಂಡು ತಿಂದು ಮತ್ತೆ ಬಿತ್ಬೋದಿತ್ತು” ಎಂದಿದ್ದಳು ಅಜ್ಜಿ, ಕಳೆದ ಭಾನುವಾರ. ಆಮೇಲೆ, ಕಾಲು ನೀಡಿಕೊಂಡು, ತನಗೆ ತಾನೇ ಹೇಳಿಕೊಳ್ಳುವಂತೆ: “ಬರ್ಲಿ ಬರ್ಲಿ. ನೀನು ಓದೇಳ್ತೀನಿ ಅಂದಿದ್ದು ನಂಗೇನು ಮರ್ತಿಲ್ಲ.”

ಅದು ಈಗಿನ ಮಾತಲ್ಲ. ಕವನಾಳಿಗೆ ಏಳು ವರ್ಷ, ಎರಡನೇ ಕ್ಲಾಸು. ಶಾಲೆಯಲ್ಲಿ ಕೊಟ್ಟ ಹೊಸ ಪುಸ್ತಕ ತಂದು ಅಜ್ಜಿಯ ಮಡಿಲಿಗೆ ಹಾಕಿ, ಓದು ಎಂದಿದ್ದಳು. ಅಜ್ಜಿ ಓದಿದಳು. ಪುಟದ ಮೇಲೆ ಬೆರಳಿಟ್ಟು, ಸಾಲಿನಿಂದ ಸಾಲಿಗೆ ಎಳೆಯುತ್ತ, ನಡುನಡುವೆ ಹೂಂಗೆ ಕಾಯುತ್ತ. ಆ ಪುಟದಲ್ಲಿ ಬಾವಿಯ ಚಿತ್ರವಿತ್ತು, ಬಾವಿಯ ಪಕ್ಕ ಕೊಡ ಹಿಡಿದ ಹುಡುಗಿ. ಅಜ್ಜಿ ಓದಿದ ಕಥೆಯಲ್ಲಿ ಆ ಹುಡುಗಿ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಮುಟ್ಟಬೇಡ ಎಂದಿದ್ದರು ಊರವರು. ಅವಳು ಬಿಸಿಲಲ್ಲಿ ನಿಂತೇ ಇದ್ದಳು, ಯಾರಾದರೂ ಬಂದು ಮೇಲಿನಿಂದ ನೀರು ಹುಯ್ದಾರೆಂದು. ಯಾರೂ ಬರಲಿಲ್ಲ. ಹೂಂ. ಆಗ ಬಾವಿಯೊಳಗಿದ್ದ ಏಳು ಹೆಡೆಯ ಸರ್ಪ ಸರಸರ ಮೇಲೆ ಬಂದು, ಏಳು ಹೆಡೆಯಲ್ಲೂ ನೀರು ತುಂಬಿಕೊಂಡು ಅವಳ ಕೊಡಕ್ಕೆ ಹುಯ್ದು, ‘ತಗಂಡೋಗು ಮಗ, ಈ ನೀರು ನನ್ನದು’ ಎಂದಿತು. ಹೂಂ. ಕವನಾ ಆ ಪುಟವನ್ನು ಬಾಯಿಪಾಠ ಮಾಡಿದಳು. ಮಾರನೆಯ ದಿನ ಕಾಂತರಾಜು ಮೇಷ್ಟ್ರು, ಆ ಪಾಠ ಯಾರು ಓದುತ್ತೀರಿ ಎಂದಾಗ ಕೈಯೆತ್ತಿದ್ದು ಅವಳೊಬ್ಬಳೇ. ಎದ್ದು ನಿಂತು, ಅಜ್ಜಿಯಂತೆಯೇ ಬೆರಳು ಎಳೆಯುತ್ತ, ಗಟ್ಟಿಯಾಗಿ ಓದಿದಳು: ಹಗ್ಗ ಮುಟ್ಟುವಂತಿರಲಿಲ್ಲ, ಏಳು ಹೆಡೆಯ ಸರ್ಪ, ಈ ನೀರು ನನ್ನದು. ನಡುನಡುವೆ ನಿಂತು ಹೂಂಗೆ ಕಾದಳು. ಪುಸ್ತಕದಲ್ಲಿದ್ದದ್ದು, ನೀರನ್ನು ಸೋಸಿ ಕುಡಿಯಬೇಕು, ಬಾವಿಯ ಸುತ್ತ ಸ್ವಚ್ಛವಾಗಿಡಬೇಕು ಎಂಬ ಪಾಠ.

“ಯಾರೇ ಹೇಳ್ಕೊಟ್ಟಿದ್ದು ನಿಂಗೆ ಇದನ್ನ?” ಎಂದರು ಮೇಷ್ಟ್ರು. ಅವರ ಮುಖ ಕೆಂಪಾಗಿತ್ತು.

“ನಮ್ಮಜ್ಜಿ ಓದಿದ್ದು ಸಾ.”

“ನಿಮ್ಮಜ್ಜಿ? ಪುಟ್ಟತಾಯಿ? ಅವಳು ಹೆಬ್ಬೆಟ್ಟಲ್ವೇನೇ!”

ಆಗ ಕ್ಲಾಸು ನಕ್ಕಿತು. ಆ ನಗುವಿನಲ್ಲಿ ತನ್ನ ಕೇರಿಯ ಮಕ್ಕಳೂ ಇದ್ದರು, ಅವರದ್ದೇ ಜೋರಿತ್ತು. ನಾಲ್ಕನೇ ಕ್ಲಾಸಿನವರೆಗೂ ಅವಳ ಹೆಸರು ಹೆಬ್ಬೆಟ್ಟು. ಮೇಷ್ಟ್ರ ಮುಖ ಕೆಂಪಾದದ್ದು ಪಾಠ ತಪ್ಪಿದ್ದಕ್ಕೋ, ಹಗ್ಗದ ಮಾತಿಗೋ ಎಂದು ಆಲೋಚಿಸುವಷ್ಟು ಬುದ್ಧಿ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು. ಆವತ್ತು ಸಂಜೆ ಅವಳು ಓಡಿಬಂದು, ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಅಜ್ಜಿಯ ಮೇಲೆ ಪುಸ್ತಕ ಎಸೆದಿದ್ದಳು. “ಸುಳ್ಳಿ! ನಿಂಗೆ ಓದಕ್ಕೆ ಬರಲ್ಲ! ಸುಳ್ಳಿ!” ಪುಸ್ತಕ ಬೂದಿನೀರಿಗೆ ಬಿತ್ತು. ಅಜ್ಜಿ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಪುಟಪುಟವನ್ನೂ ಬಿಡಿಸಿ ಒಲೆಯ ಪಕ್ಕ ಒಣಗಲು ನಿಲ್ಲಿಸಿದಳು. ಆಮೇಲೆ ಹೇಳಿದಳು. “ಊಂ ಕಣವ್ವ, ಬರಲ್ಲ. ಚಿತ್ರ ನೋಡ್ಕಂಡು ಏಳ್ದೆ. ನೀನು ಕಲ್ತ್ಕ. ಕಲ್ತ್ಮೇಲೆ ಒಂದು ಬುಕ್ಕ, ಅದ್ರಾಗೆ ಏನು ಬರ್ದೈತೋ ಅದ್ನ ಬರ್ದಂಗೇ ನಂಗೆ ಓದೇಳು. ಏಳ್ತೀಯಾ? ನಾನು ಊಂಗುಟ್ತೀನಿ.” ಹುಡುಗಿ ಮೂಗು ಒರೆಸಿಕೊಂಡು, ಹೇಳ್ತೀನಿ ಎಂದಿದ್ದಳು. ಕಥೆಗಳು ಆಮೇಲೂ ಬಂದವು, ಗದ್ದೆಯ ಬದುವಿನಲ್ಲಿ, ಒಲೆಯ ಮುಂದೆ. ಅಜ್ಜಿ ಮಾತ್ರ ಮತ್ತೆಂದೂ ಪುಸ್ತಕ ಮುಟ್ಟಲಿಲ್ಲ. ಕವನಾ ಎಸ್ಸೆಸ್ಸೆಲ್ಸಿ ಓದಿದಳು, ಪಿಯುಸಿ ಓದಿದಳು, ಬಿಎ ಓದಿದಳು. ಮೊಮ್ಮಗಳು ಓದುತ್ತಿದ್ದಾಗ ಅಜ್ಜಿ ಪುಸ್ತಕದಿಂದ ಒಂದು ಮಾರು ದೂರ ಕೂರುತ್ತಿದ್ದಳು, ಬಿಸಿ ಪಾತ್ರೆಯಿಂದ ದೂರ ಕೂರುವ ಹಾಗೆ. ಒಂದು ದಿನವೂ ಅಜ್ಜಿಗೆ ಕೊಟ್ಟ ಮಾತು ನಡೆಸಲಿಲ್ಲವಲ್ಲ ಎಂದರೆ, ಓದುವುದೇನಿತ್ತು ಹೇಳಿ: ಯಾವುದರಲ್ಲೂ ಅಜ್ಜಿ ಇರಲಿಲ್ಲ.

ಅದಕ್ಕೇ ಬರೆದದ್ದು. ಹಾಗೆಂದು ಬರೆಯುವಾಗ ಅಂದುಕೊಂಡಿದ್ದಳು. ಅಂಗಡಿಯ ಕಂಪ್ಯೂಟರಿನಲ್ಲಿ, ಯಾರದೋ ಮದುವೆಯ ಕಾರ್ಡು ಮುಗಿದ ಮೇಲೆ, ಎದುರಿನ ಹೋಟೆಲಿನವನು ಚಹಾ ತಂದಿಡುವ ಮುಂಚೆ. ಹಗ್ಗದ ಸಾಲನ್ನೂ ಟೈಪು ಮಾಡಿದ್ದಳು. ಪರದೆಯ ಮೇಲೆ ಅದು ಉಳಿದ ಸಾಲುಗಳಿಗಿಂತ ಕಪ್ಪಗಿದ್ದಂತೆ ಕಂಡಿತು. ಯಾರೂ ಕೇಳಿರಲಿಲ್ಲ, ಯಾರೂ ಓದಿರಲಿಲ್ಲ. ಅವಳೇ ಆ ಸಾಲನ್ನು ಗುರುತುಮಾಡಿ ಅಳಿಸಿ, ‘ದಾರಿ ತಪ್ಪಿ ಬಾಯಾರಿದ ಹುಡುಗಿ’ ಎಂದು ಹಾಕಿದ್ದಳು. ಅಜ್ಜಿ ಓದುತ್ತಾಳೆ ಎಂದು ಬರೆದವಳೂ ಅವಳೇ. ಸಂಪತ್ಕುಮಾರರು ಕೇಳಿದ್ದು ಒಂದೇ ಒಂದು. “ಏಳು ಹೆಡೆ ಸರ್ಪ ಬೇಡಮ್ಮಾ, ಸಣ್ಣ ಮಕ್ಕಳು ಹೆದರ್ತಾವೆ. ಏನಾದ್ರೂ ಮುದ್ದಾಗಿರೋದು ಹಾಕು. ಮೀನು ಹಾಕು, ಚಿನ್ನದ ಮೀನು.” ಆಯ್ತು ಸಾರ್ ಎಂದಿದ್ದಳು. ಹಗ್ಗ ಹೋದ ಮೇಲೆ ಸರ್ಪಕ್ಕೆ ಆ ಬಾವಿಯಲ್ಲಿ ಕೆಲಸವಾದರೂ ಏನು?

ಹಾಸನದಲ್ಲಿ ಇಳಿದು ಸಾಲಗಾಮೆಯ ಬಸ್ಸು ಹಿಡಿದು, ಸರ್ಕಲ್ಲಿನಿಂದ ಒಳಗೆ ನಡೆದು ಮನೆ ಮುಟ್ಟಿದಾಗ ನಾಲ್ಕೂವರೆ. ಶಾಲೆಯಲ್ಲಿ ಹಾಕಿದ್ದ ಹಾರವನ್ನು ದಾರಿಯಲ್ಲಿ ಎಲ್ಲಾದರೂ ಬಿಡಬೇಕೆಂದುಕೊಂಡು ಬಿಡಲಾಗದೆ ಚೀಲದಲ್ಲೇ ತಂದಿದ್ದಳು. ಅಜ್ಜಿ ಅಂಗಳದ ಬಿಸಿಲಿನ ಕೊನೆಯ ತುಂಡಿನಲ್ಲಿ ಕಾಲು ನೀಡಿ ಕೂತಿದ್ದಳು. ಎಡಗಡೆ ನೆನೆಸಿದ ಅವರೆಕಾಳಿನ ಪಾತ್ರೆ, ಬಲಗಡೆ ತಟ್ಟೆ, ಮುಂದೆ ಸಿಪ್ಪೆಯ ಗುಡ್ಡೆ. ಎರಡು ಬೆರಳಿನ ನಡುವೆ ಒತ್ತಿದರೆ ಕಾಳು ಸಿಪ್ಪೆಯಿಂದ ಜಾರಿ ತಟ್ಟೆಗೆ ಟಪ್ಪೆಂದು ಬೀಳುತ್ತಿತ್ತು. ಮೊಮ್ಮಗಳನ್ನು ನೋಡಿ ಅಜ್ಜಿ ತಲೆಯೆತ್ತಲಿಲ್ಲ.

“ಬಂದ್ಯಾ? ಆರ ಎಲ್ಲವ್ವ?”

ಕವನಾ ಚೀಲದಿಂದ ಹಾರ ತೆಗೆದಳು. ಬಾಡಿ ಒಂದಕ್ಕೊಂದು ಅಂಟಿದ ಸೇವಂತಿಗೆ. ಅಜ್ಜಿ ಅದನ್ನು ಇಸಿದುಕೊಂಡು ಮೂಸಿ ನೋಡಿ, ಮೊಳಕೈಯಿಂದ ಬೆರಳವರೆಗೆ ಅಳತೆ ಹಾಕಿದಳು. “ಒಂದೂವರೆ ಮೊಳ ಬರಾಕಿಲ್ಲ. ಜುಗ್ಗರು ಕಣವ್ವ ನಿನ್ನ ಇಸ್ಕೂಲ್ನೋರು.” ಒಳಗಿನಿಂದ ಪಾರ್ವತಮ್ಮ ಕಿಸಕ್ಕನೆ ನಕ್ಕಿದ್ದು ಕೇಳಿತು. ಕವನಾಳಿಗೂ ನಗು ಬಂತು. ಬೈಗುಳ ಇಷ್ಟರಲ್ಲೇ ಮುಗಿದೀತೇನೋ ಎಂದು ಹೇಡಿಯಂತೆ ಆಸೆಯಾಯಿತು.

“ಅಜ್ಜಿ, ನಾನು ನಿನ್ನ ಕರೀಬೇಕು ಅಂತಿದ್ದೆ. ನಿನ್ ಮಂಡಿ...”

“ನನ್ ಮಂಡಿಗೇನಾಗೈತೆ?” ಅಜ್ಜಿ ಮಂಡಿಯನ್ನು ಮಡಚಿ, ಬಿಡಿಸಿ ತೋರಿಸಿದಳು. “ಬುಕ್ಕು ತಂದ್ಯಾ?”

“ತಂದೆ.”

“ಓದು ಮತ್ತೆ. ಕೈ ಒದ್ದೆ ಐತೆ, ನಾ ಮುಟ್ಟಾಕಿಲ್ಲ. ನೀನೇ ಇಡ್ಕ.”

ಕವನಾ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು. ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿ, ಚಿತ್ರ ಅಜ್ಜಿಗೆ ಕಾಣದ ಹಾಗೆ ಹಿಡಿದು ಶುರುಮಾಡಿದಳು. ಒಂದೂರಿನಲ್ಲಿ ಒಬ್ಬಳು ಅಜ್ಜಿ ಇದ್ದಳು.

“ಊಂ,” ಎಂದಳು ಅಜ್ಜಿ.

ಬೆಳಗ್ಗೆಯಿಂದ ಆ ಒಂದು ಸದ್ದಿಗೇ ಕಾದಿದ್ದೆನೆಂದು ಕವನಾಳಿಗೆ ಗೊತ್ತಾಯಿತು. ಕನ್ನಡಕದ ಸಾಲನ್ನು ಹಾರಿಸಿದಳು. ಸಂಜೆಯಾದರೆ ಊರಿನ ಮಕ್ಕಳೆಲ್ಲ ಓಡಿ ಬರುತ್ತಿದ್ದರು. ಊಂ. ಕಾಡು ಬರುತ್ತಿತ್ತು, ಕಡಲು ಬರುತ್ತಿತ್ತು. ಊಂ. ಟಪ್ಪೆಂದು ಒಂದು ಕಾಳು. ಆಗ ಅವಳಿಗೆ ಹೊಳೆಯಿತು, ಎಷ್ಟು ಸುಲಭ ಇದು ಎಂದು. ಅಜ್ಜಿಗೆ ಓದಲು ಬರುವುದಿಲ್ಲ. ಅಚ್ಚಾದದ್ದು ಅಚ್ಚಾಗಿರಲಿ, ಈ ಅಂಗಳದಲ್ಲಿ ಅದು ಬೇರೆಯಾಗಬಹುದು. ಬೆರಳಿಟ್ಟು ಎಳೆದರಾಯಿತು. ಅವಳು ಬೆರಳಿಟ್ಟು ಎಳೆದಳು. “ಆ ಅಜ್ಜಿ ಒಂದು ಕಥೆ ಹೇಳಿದಳು. ಒಂದು ಬಾವಿ. ಬಾವಿಯ ಪಕ್ಕ ಒಬ್ಬಳು ಹುಡುಗಿ. ಅವಳು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ.”

“ಊಂ!” ಎಂದಳು ಅಜ್ಜಿ. ಕೈ ನಿಂತಿತು. ಮುಖ ಬಿಚ್ಚಿಕೊಂಡಿತು, ಕಪ್ಪು ಹಲ್ಲು ಕಂಡವು. “ಆಕಿದ್ದೀಯಾ ಅದ್ನ? ಪಾರ್ವತೀ, ಬಾರೆ ಇಲ್ಲಿ, ನನ್ ಕತೆ ಆಕೈತೆ ಕೂಸು!”

“ಬಾವಿಯೊಳಗೆ ಏಳು ಹೆಡೆಯ ಸರ್ಪ ಇತ್ತು,” ಎಂದಳು ಕವನಾ. ಕಣ್ಣು ಪುಟದ ಮೇಲೆ. ಪುಟದಲ್ಲಿ, ‘ಬಾವಿಯಲ್ಲಿ ಥಳಥಳ ಹೊಳೆಯುವ ಚಿನ್ನದ ಮೀನಿತ್ತು.’

“ಊಂ. ತೋರ್ಸು, ಸರ್ಪನ ಎಂಗೆ ಬರ್ದವ್ರೆ ನೋಡಾನ.”

“ಇರಜ್ಜಿ, ಮುಗೀಲಿ.”

“ಚಿತ್ರುದ್ ಬುಕ್ಕ ಚಿತ್ರ ತೋರುಸ್ದಂಗೆ ಓದ್ತಾರಾ? ತೋರ್ಸವ್ವ.” ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪುಸ್ತಕದ ಅಂಚನ್ನು ಒಂದೇ ಬೆರಳಿನಿಂದ ತನ್ನ ಕಡೆಗೆ ತಿರುಗಿಸಿದಳು. ಇಪ್ಪತ್ತು ವರ್ಷದಲ್ಲಿ ಅವಳು ಪುಸ್ತಕ ಮುಟ್ಟಿದ್ದು ಇದೇ ಮೊದಲು. ಬಾವಿ ಇತ್ತು. ಬಾವಿಯ ಕಟ್ಟೆಯ ಮೇಲೆ ಹೂವಿನ ಫ್ರಾಕು ಹಾಕಿದ ಬೆಳ್ಳನೆಯ ಹುಡುಗಿ, ರಾಟೆಗೆ ಕಟ್ಟಿದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದಳು. ನೀರಿನಲ್ಲಿ ಒಂದು ಮೀನು, ಅದೂ ನಗುತ್ತಿತ್ತು. ಮೂಲೆಯಲ್ಲಿ ತೂಗುಮಣೆಯ ಮೇಲೆ ಕನ್ನಡಕದ ಅಜ್ಜಿ. ಪುಟ್ಟತಾಯಮ್ಮ ಪಟವನ್ನು ರಾಗಿ ಆರಿಸುವ ಕಣ್ಣಿನಿಂದ ಮೂಲೆಯಿಂದ ಮೂಲೆಗೆ ನೋಡಿದಳು.

“ಇದು ಮೀನು,” ಎಂದಳು.

ಅವಳ ಕಣ್ಣು ಮೀನಿನಿಂದ ಮೇಲೆ, ಹುಡುಗಿಯ ಕೈಗೆ ಬಂತು.

“ಅಗ್ಗ ಇಡ್ಕಂಡವ್ಳಲ್ಲವ್ವ ಈ ಮಗು.”

“ಊಂ ಅಜ್ಜಿ.”

“ಇವ್ಳು ಯಾರು, ಕನ್ನಡ್ಕ?”

“ಅಜ್ಜಿ.”

“ಯಾರಜ್ಜಿ?”

“ಶ್ರೀಗೌರಿ ಮೇಡಂ ಅಂತ, ಚಿತ್ರ ಬರ್ದೋರು. ಅವ್ರ ಅಜ್ಜಿ.”

“ಚೆಂದಾಗವ್ರೆ. ಮಿಂದು ಮಡಿ ಉಟ್ಕಂಡು ಕುಂತಂಗವ್ರೆ.” ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಕವನಾ ಅದನ್ನು ಹಿಡಿದುಕೊಂಡು ಜಗಳವಾದರೂ ಆಡುತ್ತಿದ್ದಳು. ಅಜ್ಜಿ ಪುಸ್ತಕವನ್ನು ಮತ್ತೆ ಮೊಮ್ಮಗಳ ಕಡೆಗೆ ತಿರುಗಿಸಿಟ್ಟು, ಬೆರಳ ಗುರುತು ಬಿದ್ದ ಅಂಚನ್ನು ಸೆರಗಿನಿಂದ ಒರೆಸಿದಳು. “ಸರ್ಪ ನೀನು ಈಗ ಏಳಿದ್ದು. ಬರ್ದಿಲ್ಲ ಅದ್ರಾಗೆ. ಅಲ್ವಾ?”

“ಮಕ್ಳು ಎದುರ್ಕತವೆ ಅಂತ...”

“ಅಗ್ಗಕ್ಕೂ ಎದುರ್ಕತವಾ?”

ಪಾರ್ವತಮ್ಮ ಬಾಗಿಲಿಗೆ ಬಂದು ನಿಂತಿದ್ದಳು, ಕೈಯಲ್ಲಿ ಸೌಟು. ಮಗಳ ಮುಖ ನೋಡಿ, “ಓಗ್ಲಿ ಬುಡವ್ವ, ಕೂಸು ಬಿಸ್ಲಾಗೆ ಬಂದೈತೆ, ಕಾಪಿ ಕುಡೀಲಿ” ಎಂದಳು ಅತ್ತೆಗೆ.

“ಕುಡೀಲಿ. ಮುಗುಸ್ಬುಟ್ಟು ಕುಡೀಲಿ.” ಅಜ್ಜಿ ಪಾತ್ರೆಯಿಂದ ಒಂದು ಹಿಡಿ ಕಾಳು ತೆಗೆದುಕೊಂಡಳು. “ನಾನು ಮಾಡಿದ್ನ ನಂಗೇ ಮಾಡ್ಬ್ಯಾಡ ಕಣವ್ವ. ನಂಗೆ ಬತ್ತಿರ್ಲಿಲ್ಲ, ಅದ್ಕೆ ಚಿತ್ರ ನೋಡ್ಕಂಡು ಏಳ್ದೆ. ನಿಂಗೆ ಬತ್ತದೆ. ಏನು ಬರ್ದೀಯೋ ಅದ್ನ ಬರ್ದಂಗೇ ಓದು. ಮೊದ್ಲಿಂದ ಓದು.”

ಕವನಾ ಮೊದಲ ಪುಟಕ್ಕೆ ತಿರುಗಿಸಿದಳು. ಒಂದೂರಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ಆ ಅಜ್ಜಿಗೆ ಹತ್ತಿಯಂಥ ಬಿಳಿ ತುರುಬು, ಚಿನ್ನದ ಕಟ್ಟಿನ ಕನ್ನಡಕ, ಮಡಿಲ ತುಂಬ ಪುಸ್ತಕ. ನಿಂತಳು. ಅಜ್ಜಿಯ ಬೆರಳುಗಳು ಕಾಳನ್ನು ಒತ್ತಿದವು, ಟಪ್. ಅಷ್ಟೇ ಸದ್ದು. ಕವನಾ ಕಾದಳು. ಅಜ್ಜಿ ಇನ್ನೊಂದು ಕಾಳು ಎತ್ತಿಕೊಂಡಳು. ಕಥೆ ಕಾಲು ಮುರಿದುಕೊಂಡು ಕೂರಬೇಕಿತ್ತು, ನಿಯಮದ ಪ್ರಕಾರ. ಅದು ಕೂರಲಿಲ್ಲ. ಅಚ್ಚಾದ ಕಥೆಗೆ ಕಾಲುಗಳೇ ಇರುವುದಿಲ್ಲವೇನೋ, ಯಾರು ಹೂಂಗುಟ್ಟಲಿ ಬಿಡಲಿ, ಮುಂದಿನ ಸಾಲು ಅಲ್ಲೇ ಕಾದಿರುತ್ತದೆ. ಅವಳು ಅದನ್ನು ಓದಿದಳು. ಅದರ ಮುಂದಿನದ್ದನ್ನೂ. ದಾರಿ ತಪ್ಪಿ ಬಾಯಾರಿದ ಹುಡುಗಿ ಬಂದಳು. ಹಗ್ಗ ಹಿಡಿದು ಸರಾಗವಾಗಿ ನೀರು ಸೇದಿದಳು. ಚಿನ್ನದ ಮೀನು ಮೇಲೆ ಬಂದು, ಪುಟ್ಟೀ ಪುಟ್ಟೀ ನನ್ನ ಜೊತೆ ಆಡ್ತೀಯಾ ಎಂದಿತು. ತನ್ನ ದನಿ ಅವಳಿಗೆ ಅಂಗಳದಾಚೆಯಿಂದ ಕೇಳುತ್ತಿತ್ತು, ಶಾಲೆಯ ಮೈಕಿನಲ್ಲಿ ಕೇಳಿದ್ದಕ್ಕಿಂತ ಗಟ್ಟಿಯಾಗಿ. ಒಂದೊಂದು ಸಾಲಿನ ಕೊನೆಗೂ ಉಸಿರು ತಾನಾಗಿ ನಿಲ್ಲುತ್ತಿತ್ತು, ಒಂದೊಂದು ಸಲವೂ ಟಪ್ಪೆಂದು ಒಂದು ಕಾಳು. ಬಿಸಿಲು ಅಜ್ಜಿಯ ಮಂಡಿಯಿಂದ ಪಾದಕ್ಕೆ ಇಳಿದು, ಪಾದದಿಂದ ಸಿಪ್ಪೆಯ ಗುಡ್ಡೆಗೆ ಹೋಯಿತು. ಪಾರ್ವತಮ್ಮ ಸೌಟು ಹಿಡಿದುಕೊಂಡೇ ಹೊಸಿಲ ಮೇಲೆ ಕೂತಿದ್ದಳು. ಅವಳಾದರೂ ಒಂದು ಹೂಂ ಅನ್ನಬಹುದೆಂದು ಕವನಾ ಒಮ್ಮೆ ಕಣ್ಣೆತ್ತಿ ನೋಡಿದಳು. ಅವ್ವ ಅತ್ತೆಯ ಕೈಯನ್ನೇ ನೋಡುತ್ತಿದ್ದಳು.

ಹದಿನಾರನೆಯ ಪುಟ. ಮಕ್ಕಳೆಲ್ಲ ಪುಸ್ತಕ ಹಿಡಿದು ಗಾಳಿಯಲ್ಲಿ ಹಾರುತ್ತಿರುವ ಚಿತ್ರ. ಕವನಾ ಪುಸ್ತಕವನ್ನು ಅಜ್ಜಿಗೆ ಕಾಣುವ ಹಾಗೆ ತಿರುಗಿಸಿ ಹಿಡಿದು, ಬುಡಮೇಲಾಗಿ ಕಾಣುತ್ತಿದ್ದ ಅಕ್ಷರಗಳ ಮೇಲೆ ಬೆರಳಿಟ್ಟು, ಒಂದನ್ನೂ ಬಿಡದೆ ಓದಿದಳು.

“ಅಂದಿನಿಂದ ಆ ಊರಿನ ಮಕ್ಕಳಿಗೆ ಓದುವುದೆಂದರೆ ಹಬ್ಬ.”

ಅಜ್ಜಿ ಕೈಯಲ್ಲಿದ್ದ ಕಾಳನ್ನು ಒತ್ತಿದಳು. ಅದು ತಟ್ಟೆಗೆ ಬೀಳುವವರೆಗೂ ಕಾದು ಕೇಳಿದಳು:

“ಆಯ್ತಾ?”

“ಆಯ್ತಜ್ಜಿ,” ಎಂದಳು ಕವನಾ.